ಸರ್ಚ್ ಎಂಜಿನ್ ಬರಹಗಳಲ್ಲಿ ಇಂಗ್ಲಿಷ್ ವ್ಯಾಕರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ವಾಣಿಜ್ಯ ಪದವಿ ಮುಗಿಸಿದ್ದೇನೆ. ಜಾಲತಾಣಗಳಿಗೆ ಬರೆದುಕೊಡುವ ಕೆಲಸವೊಂದಕ್ಕೆ ಅರ್ಜಿ ಹಾಕಿದಾಗ, ಸರ್ಚ್ ಫಲಿತಾಂಶದಲ್ಲಿ ಒಂದು ಪುಟ ಮೇಲೆ, ಇನ್ನೊಂದು ಪುಟ ಕೆಳಗೆ ಬರುವುದು ಹೇಗೆಂಬುದನ್ನು ಇಂಗ್ಲಿಷಿನಲ್ಲೇ ಓದಿಕೊಂಡು ಬರಬೇಕೆಂದು ಹೇಳಿದ್ದಾರೆ. ಓದತೊಡಗಿದರೆ ಪದಗಳು ಗೊತ್ತಿದ್ದರೂ ವಾಕ್ಯ ಅರ್ಥವಾಗುತ್ತಿಲ್ಲ. ಮೊದಲು ವ್ಯಾಕರಣ ಪುಸ್ತಕ ಮುಗಿಸಬೇಕೇ, ಇಲ್ಲವೇ ಇದನ್ನೇ ಓದುತ್ತ ವ್ಯಾಕರಣ ಕಲಿಯಬಹುದೇ?
– ಪದವೀಧರೆ, ಬದಿಯಡ್ಕ

ಉತ್ತರ: ಇದನ್ನೇ ಓದುತ್ತ ಕಲಿಯಿರಿ. ವ್ಯಾಕರಣ ಪುಸ್ತಕವೂ ಬೇಕು, ಆದರೆ ಅದು ಸಂಶಯ ಬಂದಾಗ ತೆರೆದು ನೋಡುವುದಕ್ಕೆ ಪಕ್ಕದಲ್ಲಿರಲಿ. ಕಥೆಯನ್ನೋ ಸುದ್ದಿಯನ್ನೋ ಓದುವಾಗ ವಾಕ್ಯದ ಒಂದು ತುಂಡು ತಿಳಿಯದೆ ಹೋದರೂ ಹಿಂದುಮುಂದಿನ ಸಂದರ್ಭದಿಂದ ಅರ್ಥವನ್ನು ಊಹಿಸಿಕೊಂಡು ಮುಂದೆ ಹೋಗುತ್ತೇವೆ. ಆ ಊಹೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಪ್ರಸಂಗವೇ ಬರುವುದಿಲ್ಲ. ಯಂತ್ರವ್ಯವಸ್ಥೆಯೊಂದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವ ಬರಹದಲ್ಲಿ ಯಾವುದು ಯಾವುದರ ಮೇಲೆ ಏನು ಮಾಡುತ್ತದೆ, ಯಾವ ಷರತ್ತಿನಲ್ಲಿ ಮಾಡುತ್ತದೆ, ಮಾಡಿಯೇ ತೀರುತ್ತದೆಯೋ ಅಥವಾ ಮಾಡಬಹುದಷ್ಟೆಯೋ ಎಂಬ ಪ್ರತಿಯೊಂದು ಸಂಗತಿಯನ್ನೂ ವ್ಯಾಕರಣವೇ ಹೊತ್ತುಕೊಂಡಿರುತ್ತದೆ. ಆದ್ದರಿಂದ ಒಂದು ಕಡೆ ತಪ್ಪಾಗಿ ಓದಿದರೆ ಎರಡು ವಾಕ್ಯ ಮುಂದೆ ಹೋಗುವಷ್ಟರಲ್ಲಿ ತಾಳೆ ತಪ್ಪಿ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪದಗಳು ಗೊತ್ತಿದ್ದರೂ ವಾಕ್ಯ ಅರ್ಥವಾಗುತ್ತಿಲ್ಲ ಎಂದು ಬರೆದಿದ್ದೀರಿ. ನಿಮಗೆ ತೊಡಕಾಗಿರುವುದು ಹೆಚ್ಚಾಗಿ ‘ಟು’, ‘ಬೈ’, ‘ಫಾರ್’, ‘ಆಫ್’ ಮುಂತಾದ ಸಣ್ಣ ಪದಗಳು. ಕನ್ನಡದಲ್ಲಿ ಇವುಗಳ ಕೆಲಸವನ್ನು ಬಹುಪಾಲು ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ; ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಅದನ್ನು ಬಿಟ್ಟು ಓದಲು ಬರುವುದೇ ಇಲ್ಲ. ‘ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸು’ ಎಂಬುದನ್ನು ‘ಮಂಗಳೂರಿಗೆ ಕಾಸರಗೋಡಿನಿಂದ ಬಸ್ಸು’ ಎಂದು ತಿರುಗಿಸಿ ಹೇಳಿದರೂ ಬಸ್ಸು ಹೋಗುವ ದಿಕ್ಕು ಬದಲಾಗದು. ಇಂಗ್ಲಿಷಿನಲ್ಲಿ ಆ ದಿಕ್ಕನ್ನು ತೋರಿಸುವ ‘ಫ್ರಮ್’ ಮತ್ತು ‘ಟು’ ಬೇರೆಯಾಗಿ ನಿಂತಿರುತ್ತವೆ, ನಮ್ಮ ಕಣ್ಣು ಅವುಗಳನ್ನು ದಾಟಿ ದೊಡ್ಡ ಪದಗಳ ಮೇಲೆಯೇ ಹೋಗಿ ನಿಲ್ಲುತ್ತದೆ.

ಸರ್ಚ್ ಎಂಜಿನ್‌ಗಳೂ ಬಹುಕಾಲ ಹೀಗೆಯೇ ಓದುತ್ತಿದ್ದವು ಎಂಬುದು ನೀವು ಓದಲಿರುವ ವಿಷಯದ ಒಂದು ಮುಖ್ಯ ಅಧ್ಯಾಯ. 1972ರಲ್ಲಿ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಅವರು ಒಂದು ಪದದ ತೂಕವನ್ನು ಅಳೆಯುವ ವಿಧಾನವನ್ನು ಮಂಡಿಸಿದರು: ಪದವೊಂದು ಎಷ್ಟು ಹೆಚ್ಚು ದಾಖಲೆಗಳಲ್ಲಿ ಬರುತ್ತದೋ, ಒಂದು ದಾಖಲೆಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಲು ಅದು ಅಷ್ಟೇ ಕಡಿಮೆ ನೆರವಾಗುತ್ತದೆ. ಈ ಅಳತೆಯಲ್ಲಿ ‘ಅಡಿಕೆ’ ಎಂಬ ಪದಕ್ಕೆ ತೂಕವಿದೆ, ಎಲ್ಲ ಪುಟಗಳಲ್ಲೂ ಬರುವ ‘ದಿ’, ‘ಆಫ್’, ‘ಟು’ಗಳಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಹಲವು ವ್ಯವಸ್ಥೆಗಳು ಇವುಗಳನ್ನು ‘ಸ್ಟಾಪ್ ವರ್ಡ್’ ಎಂದು ಕರೆದು ಹುಡುಕಾಟದ ಪದಪಟ್ಟಿಯಿಂದಲೇ ಕೈಬಿಟ್ಟವು. ವಿಧಾನ ಉಪಯುಕ್ತವಾದದ್ದೇ, ಅದರ ಪರಿಷ್ಕೃತ ರೂಪಗಳು ಇಂದಿಗೂ ಬಳಕೆಯಲ್ಲಿವೆ. ಆದರೆ 2019ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ‘ಬರ್ಟ್’ ಎಂಬ ಭಾಷಾ ಮಾದರಿಯನ್ನು ಅಳವಡಿಸಿದಾಗ ಉದಾಹರಣೆಯಾಗಿ ಮುಂದಿಟ್ಟದ್ದು ಈ ಸಣ್ಣ ಪದಗಳನ್ನೇ. ಬ್ರೆಜಿಲ್‌ನ ಪ್ರಯಾಣಿಕರೊಬ್ಬರು ಅಮೆರಿಕಕ್ಕೆ ಹೋಗಲು ವೀಸಾ ಬೇಕೇ ಎಂದು ಹುಡುಕಿದರೆ, ‘ಟು’ ಎಂಬುದನ್ನು ಗಣನೆಗೆ ತೆಗೆದುಕೊಳ್ಳದ ಹಳೆಯ ವ್ಯವಸ್ಥೆ ಬ್ರೆಜಿಲ್‌ಗೆ ಹೋಗುವ ಅಮೆರಿಕನ್ನರ ಕುರಿತಾದ ಪುಟವನ್ನು ಮೇಲೆ ತರುತ್ತಿತ್ತು. ರಸ್ತೆಬದಿಯ ಅಂಚುಗಟ್ಟೆ (ಕರ್ಬ್) ಇಲ್ಲದ ಇಳಿಜಾರಿನಲ್ಲಿ ವಾಹನ ನಿಲ್ಲಿಸುವುದು ಹೇಗೆ ಎಂದು ಕೇಳಿದರೆ, ಅದೇ ವ್ಯವಸ್ಥೆ ‘ನೋ’ ಎಂಬುದನ್ನು ಲೆಕ್ಕಿಸದೆ ಅಂಚುಗಟ್ಟೆ ಇರುವ ಕಡೆಯ ವಿವರವನ್ನು ಕೊಡುತ್ತಿತ್ತು. ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಹತ್ತಕ್ಕೆ ಒಂದರಷ್ಟನ್ನು ಈ ಮಾರ್ಪಾಡಿನಿಂದ ಹೆಚ್ಚು ಚೆನ್ನಾಗಿ ಅರ್ಥಮಾಡಿಕೊಳ್ಳಬಹುದೆಂದು ಗೂಗಲ್ ಆಗ ತಿಳಿಸಿತ್ತು. ಪ್ರಿಪೊಸಿಷನ್ ಎಂಬುದು ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವುದಕ್ಕಷ್ಟೇ ಇರುವ ವಸ್ತುವಲ್ಲ ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಪಾಠ ಗೊತ್ತಿಲ್ಲ.

ಜಾಲತಾಣ ನಡೆಸುವವರಿಗಾಗಿ ಗೂಗಲ್ ತಾನೇ ಪ್ರಕಟಿಸಿರುವ ಮಾರ್ಗದರ್ಶಿ ಬರಹಗಳಿಂದ ಆರಂಭಿಸಿ. ಅವು ಉಚಿತವಾಗಿ ಸಿಗುತ್ತವೆ, ಭಾಷೆಯೂ ಸರಳವಾಗಿದೆ. ಕ್ರಾಲಿಂಗ್, ಇಂಡೆಕ್ಸಿಂಗ್, ಸರ್ವಿಂಗ್ ಎಂಬ ಮೂರು ಹಂತಗಳ ವಿವರಣೆಯನ್ನು ಮೊದಲು ಓದಿ. ಅಂದರೆ ಪುಟಗಳನ್ನು ಹುಡುಕಿ ತರುವುದು, ಅವುಗಳಲ್ಲಿ ಏನಿದೆಯೆಂದು ಗ್ರಹಿಸಿ ಸೂಚಿಗೆ ಸೇರಿಸುವುದು, ಕೇಳಿದವರಿಗೆ ಸೂಚಿಯಿಂದ ತೆಗೆದು ಕೊಡುವುದು. ಒಂದು ಪ್ಯಾರಾ ತೆಗೆದುಕೊಂಡು ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ, ಪ್ರತಿ ಕ್ರಿಯೆಯನ್ನೂ ಮಾಡುವವರು ಯಾರು, ಅದು ನಡೆಯುವುದು ಯಾವುದರ ಮೇಲೆ ಎಂದು ಕನ್ನಡದಲ್ಲಿ ಬರೆದುಕೊಳ್ಳಿ. ಪ್ಯಾರಾ ಮುಚ್ಚಿಟ್ಟು ನಿಮ್ಮ ಕನ್ನಡದಿಂದಲೇ ಮತ್ತೆ ಇಂಗ್ಲಿಷಿಗೆ ತನ್ನಿ, ಆಮೇಲೆ ಮೂಲದೊಡನೆ ಹೋಲಿಸಿ. ನಿಮಗೆ ವಶವಾಗದ ವ್ಯಾಕರಣ ಯಾವುದು ಎಂಬುದನ್ನು ಈ ಎರಡರ ನಡುವಿನ ಅಂತರವೇ ತೋರಿಸುತ್ತದೆ, ಪುಸ್ತಕದ ಆ ಅಧ್ಯಾಯವನ್ನು ಅಂದು ತೆರೆಯಿರಿ.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯಕ್ಕೆ ಒಂದು ಸಣ್ಣ ಜಾಲತಾಣ ಮಾಡಿದ್ದೇವೆ. ತಾಣದ ಪುಟಗಳು ಹುಡುಕಾಟಕ್ಕೆ ಸೇರಿವೆಯೇ ಎಂದು ತಾಣದವರಿಗೆ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕೆಲವು ಪುಟಗಳ ಎದುರು ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದೂ, ಕೆಲವುಗಳ ಎದುರು ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದೂ ಇದೆ. ಒಂದು ಪುಟಕ್ಕೆ ‘ಇಂಡೆಕ್ಸ್ಡ್, ದೋ ಬ್ಲಾಕ್ಡ್ ಬೈ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ’ ಎಂದು ಬಂದಿದೆ. ಕೊನೆಯಲ್ಲಿ ‘-ಎಡ್’ ಬಂದರೆ ಭೂತಕಾಲವೆಂದು ಶಾಲೆಯಲ್ಲಿ ಕಲಿತಿದ್ದೆವು. ಹಾಗಾದರೆ ಇವೆಲ್ಲ ಹಿಂದೆ ನಡೆದು ಮುಗಿದ ಸಂಗತಿಗಳೇ?
– ಓದುಗರು, ಕುಂಬಳೆ

ಉತ್ತರ: ನೀವು ಕೊಟ್ಟ ಮೂರು ಸಾಲುಗಳಷ್ಟರಿಂದಲೇ ಒಂದು ವಾರದ ವ್ಯಾಕರಣ ಪಾಠ ಮಾಡಬಹುದು, ಹಾಗಾಗಿ ತುಸು ವಿವರವಾಗಿ ಬರೆಯುತ್ತೇನೆ.

ಇವು ಭೂತಕಾಲದ ಕ್ರಿಯಾಪದಗಳಲ್ಲ. ‘ಗೂಗಲ್ ಕ್ರಾಲ್ಡ್ ದಿ ಪೇಜ್’ ಎಂಬಲ್ಲಿ ‘ಕ್ರಾಲ್ಡ್’ ಭೂತಕಾಲ. ನಿಮ್ಮ ಪರದೆಯ ಮೇಲಿರುವ ‘ಕ್ರಾಲ್ಡ್’ ಕರ್ಮಣಿ ಪ್ರಯೋಗದ ತುಂಡು, ‘ದಿ ಪೇಜ್ ಹ್ಯಾಸ್ ಬೀನ್ ಕ್ರಾಲ್ಡ್’ ಎಂಬ ಪೂರ್ಣ ವಾಕ್ಯದಿಂದ ಕರ್ತೃಸ್ಥಾನದ ಪದವನ್ನೂ ಸಹಾಯಕ ಕ್ರಿಯಾಪದಗಳನ್ನೂ ಕತ್ತರಿಸಿ ಉಳಿಸಿಕೊಂಡದ್ದು. ಜಾಗ ಕಡಿಮೆ ಇರುವ ಫಲಕಗಳಲ್ಲಿ ಇಂಗ್ಲಿಷ್ ಹೀಗೆ ಸಂಕ್ಷೇಪಿಸುತ್ತದೆ. ಕತ್ತರಿಸಿದ್ದನ್ನು ಮತ್ತೆ ಸೇರಿಸಿ ಪೂರ್ಣ ವಾಕ್ಯ ಬರೆಯುವುದೇ ನಿಮಗೆ ನಾನು ಕೊಡುವ ಅಭ್ಯಾಸ. ‘ದಿ ಪೇಜ್ ಹ್ಯಾಸ್ ಬೀನ್ ಡಿಸ್ಕವರ್ಡ್, ಬಟ್ ಇಟ್ ಈಸ್ ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದು ಬರೆದು ನೋಡಿದರೆ ಎರಡು ಕಾಲಗಳು ಎದ್ದು ಕಾಣುತ್ತವೆ: ಪತ್ತೆಯಾದದ್ದು ಈಗಾಗಲೇ ಆದ ಕೆಲಸ, ಸೂಚಿಯಲ್ಲಿ ಇಲ್ಲದಿರುವುದು ಈಗಿನ ಸ್ಥಿತಿ. ‘ಕರೆಂಟ್ಲಿ’ ಎಂಬುದು ಇದ್ದೇ ಇರುವುದರಿಂದ, ಮುಂದೆಯೂ ಸೇರುವುದಿಲ್ಲವೆಂದು ಯಾರೂ ಹೇಳಿಲ್ಲ.

ಕನ್ನಡಕ್ಕೆ ತರುವಾಗ ‘ಕ್ರಾಲ್ ಮಾಡಲ್ಪಟ್ಟಿದೆ’ ಎಂದು ಬರೆಯಬೇಡಿ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಪಾಠದಲ್ಲಿ ಕಲಿತ ರೂಪ ತಪ್ಪೇನಲ್ಲ, ಆದರೆ ಮಾತಿನ ಕನ್ನಡ ಅದನ್ನು ಬಯಸುವುದಿಲ್ಲ. ಮಾಡಿದವರು ಯಾರೆಂಬುದು ಮುಖ್ಯವಲ್ಲದಾಗ ನಾವು ‘ನೋಡಿಯಾಗಿದೆ’, ‘ಬರೆದಾಗಿದೆ’, ‘ಸೇರಿಸಿಲ್ಲ’ ಎನ್ನುತ್ತೇವೆ. ‘ಪುಟವನ್ನು ಓದಿಯಾಗಿದೆ, ಸದ್ಯ ಸೂಚಿಗೆ ಸೇರಿಸಿಲ್ಲ’ ಎಂಬಷ್ಟರಲ್ಲಿ ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂಬುದರ ಕಾಲವೂ ಪ್ರಯೋಗವೂ ಸರಿಯಾಗಿ ಬಂದುಬಿಡುತ್ತವೆ. ‘-ಆಗಿದೆ’ ಎಂದು ನಿಮ್ಮ ನಾಲಗೆಗೆ ಸಹಜವಾಗಿ ಬರುವ ಕಡೆ ಇಂಗ್ಲಿಷಿನ ‘ಹ್ಯಾಸ್ ಬೀನ್’ ಬಹುಪಾಲು ಹೊಂದುತ್ತದೆ. ಈ ಒಂದು ಜೋಡಿ ಗಟ್ಟಿಯಾದರೆ ಪ್ರೆಸೆಂಟ್ ಪರ್ಫೆಕ್ಟ್ ಎಂಬ ಅಧ್ಯಾಯದ ಅರ್ಧ ಭಯ ಹೋಗುತ್ತದೆ.

ಮೊದಲ ಎರಡು ಸಾಲುಗಳ ನಡುವಿನ ವ್ಯತ್ಯಾಸವೂ ಕ್ರಿಯಾಪದದಲ್ಲೇ ಇದೆ. ‘ಡಿಸ್ಕವರ್ಡ್’ ಎಂದರೆ ವಿಳಾಸ ಗೊತ್ತಾಗಿದೆ, ಪುಟವನ್ನು ಇನ್ನೂ ತೆರೆದು ಓದಿಲ್ಲ; ತಾಣದ ಮೇಲೆ ಹೊರೆ ಹೆಚ್ಚಾದೀತೆಂದು ಗೂಗಲ್ ಓದುವುದನ್ನು ಮುಂದೂಡಿರುವ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತದೆ. ‘ಕ್ರಾಲ್ಡ್’ ಎಂದರೆ ಓದಿಯೂ ಸೇರಿಸಿಲ್ಲ. ಇಂಥ ಪುಟ ಮುಂದೆ ‘ಮೇ ಆರ್ ಮೇ ನಾಟ್ ಬಿ ಇಂಡೆಕ್ಸ್ಡ್’, ಮತ್ತೆ ಮತ್ತೆ ವಿಳಾಸ ಸಲ್ಲಿಸುವ ಅಗತ್ಯವಿಲ್ಲ ಎಂದು ಗೂಗಲ್‌ನ ಸಹಾಯ ಪುಟ ಹೇಳುತ್ತದೆ. ಸೇರಬಹುದು, ಸೇರದೆಯೂ ಇರಬಹುದು.

ಮೂರನೆಯದು ಹೆಚ್ಚು ಸೊಗಸಾದದ್ದು. ರೋಬೋಟ್ಸ್ ಕಡತವೆಂದರೆ, ತಾಣದ ಯಾವ ಭಾಗಕ್ಕೆ ಬರಬಾರದೆಂದು ಯಂತ್ರಗಳಿಗೆ ತಿಳಿಸುವ ಸಣ್ಣ ಪಠ್ಯ ಕಡತ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅವರು ಈ ಪದ್ಧತಿಯನ್ನು ಸೂಚಿಸಿದರು. ‘ದೋ’ ಎಂಬುದು ‘ಆದರೂ’ ಎಂಬ ಅರ್ಥದ ಕೊಂಡಿ, ‘ಬೈ’ ಎಂಬುದು ತಡೆದವರನ್ನು ತೋರಿಸುತ್ತದೆ. ‘ರೋಬೋಟ್ಸ್ ಕಡತ ತಡೆದಿದ್ದರೂ ಪುಟ ಸೂಚಿಗೆ ಸೇರಿದೆ’ ಎಂದು ಅರ್ಥ. ಇದು ಹೇಗೆ ಸಾಧ್ಯ ಎಂದು ನಿಮಗೆ ಅನಿಸಿದರೆ ನೀವು ವಾಕ್ಯವನ್ನು ಸರಿಯಾಗಿ ಓದಿದ್ದೀರಿ. ಆ ಕಡತ ತಡೆಯುವುದು ಓದುವುದನ್ನು ಮಾತ್ರ. ಬೇರೆ ತಾಣಗಳು ನಿಮ್ಮ ಪುಟಕ್ಕೆ ಕೊಂಡಿ (ಲಿಂಕ್) ಕೊಟ್ಟಿದ್ದರೆ, ಒಳಗೇನಿದೆಯೆಂದು ನೋಡದೆಯೇ ವಿಳಾಸವನ್ನು ಸೂಚಿಗೆ ಸೇರಿಸಲು ಸಾಧ್ಯವಿದೆ.

ಅದೇ ಫಲಕದಲ್ಲಿ ‘ಡುಪ್ಲಿಕೇಟ್ ವಿದೌಟ್ ಯೂಸರ್-ಸೆಲೆಕ್ಟೆಡ್ ಕೆನಾನಿಕಲ್’ ಎಂಬ ಸಾಲೂ ಮುಂದೆ ನಿಮಗೆ ಸಿಗಬಹುದು. ‘ಯೂಸರ್-ಸೆಲೆಕ್ಟೆಡ್’ ಎಂಬುದನ್ನು ನಮ್ಮ ತತ್ಪುರುಷ ಸಮಾಸದಂತೆ ಬಿಡಿಸಿ: ಬಳಕೆದಾರರಿಂದ ಆರಿಸಲಾದದ್ದು. ‘ಕೆನಾನಿಕಲ್’ ಎಂದರೆ ಒಂದೇ ಬರಹವಿರುವ ಹಲವು ಪುಟಗಳಲ್ಲಿ ಮುಖ್ಯವೆಂದು ಪರಿಗಣಿಸುವ ಪುಟ. ‘ಪೇಜ್ ಲೋಡ್ ಟೈಮ್’, ‘ಸರ್ಚ್ ರಿಸಲ್ಟ್ ಪೇಜ್’ ಮುಂತಾಗಿ ನಾಮಪದಗಳು ಸಾಲುಗಟ್ಟಿ ಬಂದಾಗಲೂ ಇದೇ ದಾರಿ. ತತ್ಪುರುಷದಲ್ಲಿ ಉತ್ತರಪದ ಪ್ರಧಾನವೆಂದು ಕಲಿತಿದ್ದೀರಲ್ಲ, ಇಲ್ಲಿಯೂ ಕೊನೆಯ ಪದವೇ ಮುಖ್ಯ. ‘ಪೇಜ್ ಲೋಡ್ ಟೈಮ್’ ಒಂದು ಕಾಲಾವಧಿ, ‘ಸರ್ಚ್ ರಿಸಲ್ಟ್ ಪೇಜ್’ ಒಂದು ಪುಟ.

ಪ್ರಶ್ನೆ: ನನ್ನ ಪ್ರಬಂಧದಲ್ಲಿ ‘ಇನ್ಫರ್ಮೇಷನ್ಸ್’, ‘ಟ್ರಾಫಿಕ್ಸ್’, ‘ಆ್ಯನ್ ಯುಆರ್‌ಎಲ್’, ‘ಎ ಎಚ್‌ಟಿಎಂಎಲ್ ಪೇಜ್’ ಎಂಬ ನಾಲ್ಕಕ್ಕೂ ಅಧ್ಯಾಪಕರು ಕೆಂಪು ಗೆರೆ ಎಳೆದಿದ್ದಾರೆ. ಏಕೆ?
– ಪ್ಲಸ್ ಟು ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಮೊದಲ ಎರಡು ಎಣಿಕೆಗೆ ಸಿಗದ ನಾಮಪದಗಳು. ಕನ್ನಡದಲ್ಲಿ ‘ಮಾಹಿತಿಗಳು’ ಎಂದು ಧಾರಾಳವಾಗಿ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ‘ಇನ್ಫರ್ಮೇಷನ್’, ‘ಟ್ರಾಫಿಕ್’, ‘ಸ್ಪ್ಯಾಮ್’, ‘ರಿಸರ್ಚ್’ ಇವುಗಳಿಗೆ ಬಹುವಚನದ ‘ಎಸ್’ ಸೇರುವುದಿಲ್ಲ. ‘ಕಂಟೆಂಟ್’ ಕೂಡ ಜಾಲತಾಣದ ಬರಹವೆಂಬ ಅರ್ಥದಲ್ಲಿ ಈ ಗುಂಪಿನದೇ. ‘ಕಂಟೆಂಟ್ಸ್’ ಎಂದರೆ ಪುಸ್ತಕದ ಪರಿವಿಡಿ ಅಥವಾ ಡಬ್ಬಿಯೊಳಗಿನ ವಸ್ತುಗಳು.

ಉಳಿದೆರಡಕ್ಕೆ ಕನ್ನಡ ಓದಿದವರಿಗೊಂದು ಸುಲಭ ದಾರಿಯಿದೆ. ಪದವನ್ನು ಉಚ್ಚರಿಸಿದಂತೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಯುಆರ್‌ಎಲ್’ ಯಕಾರದಿಂದ ಆರಂಭವಾಗುವುದರಿಂದ ‘ಎ ಯುಆರ್‌ಎಲ್’, ‘ಎಚ್‌ಟಿಎಂಎಲ್’ ಎಕಾರದಿಂದ ಆರಂಭವಾಗುವುದರಿಂದ ‘ಆ್ಯನ್ ಎಚ್‌ಟಿಎಂಎಲ್ ಪೇಜ್’. ಇಂಗ್ಲಿಷಿನ ಕಾಗುಣಿತ ನೋಡಿದವರು ಇಲ್ಲಿ ಎಡವುತ್ತಾರೆ, ನಮ್ಮ ಲಿಪಿ ಉಚ್ಚಾರವನ್ನೇ ಬರೆಯುವುದರಿಂದ ನಿಯಮ ಕಣ್ಣಿಗೆ ಕಾಣುತ್ತದೆ.

ಪ್ರಶ್ನೆ: ‘ಮಸ್ಟ್’, ‘ಶುಡ್’, ‘ಮೇ’, ‘ಕ್ಯಾನ್’ ಇವೆಲ್ಲ ನನಗೆ ‘ಬೇಕು’ ಮತ್ತು ‘ಬಹುದು’ ಎಂಬ ಎರಡೇ ಅರ್ಥಗಳಾಗಿ ತೋರುತ್ತವೆ. ತಾಂತ್ರಿಕ ಬರಹಗಳಲ್ಲಿ ಇವುಗಳ ನಡುವೆ ವ್ಯತ್ಯಾಸ ಇದೆಯೇ?
– ಓದುಗ, ಉಪ್ಪಳ

ಉತ್ತರ: ಇದೆ, ಬಹಳವೇ ಇದೆ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ಬರೆಯುವವರು ಈ ಪದಗಳ ಅರ್ಥದಲ್ಲಿ ಗೊಂದಲವಾಗಬಾರದೆಂದು 1997ರಲ್ಲಿ ಇವುಗಳಿಗಾಗಿಯೇ ಒಂದು ದಾಖಲೆ ಹೊರತಂದರು. ಅಂತರಜಾಲದ ನಿಯಮಗಳನ್ನು ವಿವರಿಸುವ ‘ಆರ್‌ಎಫ್‌ಸಿ’ ಎಂಬ ದಾಖಲೆಗಳ ಸರಣಿಯಲ್ಲಿ ಸ್ಕಾಟ್ ಬ್ರಾಡ್ನರ್ ಬರೆದ ಆರ್‌ಎಫ್‌ಸಿ 2119 ಎಂಬ ಆ ದಾಖಲೆ ಕೆಲವೇ ಪುಟಗಳಷ್ಟಿದೆ. ಇಂಗ್ಲಿಷ್ ಕಲಿಯುವವರೆಲ್ಲ ಒಮ್ಮೆ ಓದಬೇಕೆಂದು ನಾನು ಮನಸಾರೆ ಹೇಳುತ್ತೇನೆ. ಅದರಂತೆ ‘ಮಸ್ಟ್’ ಎಂದರೆ ಮಾಡಲೇಬೇಕು, ಬೇರೆ ದಾರಿಯಿಲ್ಲ. ‘ಶುಡ್’ ಎಂದರೆ ಮಾಡತಕ್ಕದ್ದು, ಆದರೆ ತಕ್ಕ ಕಾರಣವಿದ್ದು, ಪರಿಣಾಮವನ್ನು ಪೂರ್ತಿ ತಿಳಿದು ತೂಗಿ ನೋಡಿದ ಮೇಲೆ ಬಿಡಲೂಬಹುದು. ‘ಮೇ’ ಎಂದರೆ ಇಷ್ಟವಿದ್ದರೆ ಮಾಡಬಹುದು.

ರೋಬೋಟ್ಸ್ ಕಡತದ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಹೆಸರಿನಲ್ಲಿ ಅಧಿಕೃತ ರೂಪ ಪಡೆದಾಗ ಇದೇ ಪದಗಳನ್ನು ಇದೇ ಅರ್ಥದಲ್ಲಿ ಬಳಸಿದರು. ಕಡತವನ್ನು ಯಂತ್ರಗಳು ಕನಿಷ್ಠ, 1024 ಬೈಟ್‌ಗೆ ಒಂದರಂತೆ, 500 ಕಿಬಿಬೈಟ್‌ನಷ್ಟಾದರೂ ಓದಬೇಕೆಂಬಲ್ಲಿ ‘ಮಸ್ಟ್’ ಇದೆ, ಉಳಿಸಿಟ್ಟುಕೊಂಡ ಹಳೆಯ ಪ್ರತಿಯನ್ನು 24 ಗಂಟೆಗಿಂತ ಹೆಚ್ಚು ಕಾಲ ಬಳಸಬಾರದೆಂಬಲ್ಲಿ ‘ಶುಡ್ ನಾಟ್’ ಇದೆ. ಎರಡನೆಯದರಲ್ಲಿ ಸಡಿಲಿಕೆ ಏಕೆಂದು ಯೋಚಿಸಿ: ಹೊಸ ಪ್ರತಿ ಕೈಗೆ ಸಿಗದಿರುವ ಸಂದರ್ಭವೂ ಬರಬಹುದಲ್ಲ.

ನಿಷೇಧದಲ್ಲಿ ಇನ್ನೂ ಎಚ್ಚರ ಬೇಕು. ‘ಮಸ್ಟ್ ನಾಟ್’ ಎಂದರೆ ಮಾಡಕೂಡದು, ‘ಡು ನಾಟ್ ಹ್ಯಾವ್ ಟು’ ಎಂದರೆ ಮಾಡಬೇಕಾಗಿಲ್ಲ. ಕನ್ನಡ ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ಹೇಳುತ್ತದೆ, ಹಾಗಾಗಿ ನೀವು ಗೊಂದಲಕ್ಕೆ ಒಳಗಾಗಲು ಕಾರಣವಿಲ್ಲ. ಇದು ಎಷ್ಟು ಮುಖ್ಯವೆಂದು ತೋರಿಸಲು ಒಂದು ನಿಜವಾದ ನಿಯಮವನ್ನೇ ನೋಡೋಣ. ಪುಟವೊಂದು ಸರ್ಚ್‌ನಲ್ಲಿ ಬರುವುದು ಬೇಡವೆಂದಾದರೆ ಅದರೊಳಗೆ ‘ನೋಇಂಡೆಕ್ಸ್’ ಎಂಬ ಸೂಚನೆಯನ್ನು ಹಾಕುತ್ತಾರೆ. ಅದರ ನಿಯಮವನ್ನು ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು: ‘ಫಾರ್ ದಿ ನೋಇಂಡೆಕ್ಸ್ ರೂಲ್ ಟು ವರ್ಕ್, ದಿ ಪೇಜ್ ಮಸ್ಟ್ ನಾಟ್ ಬಿ ಬ್ಲಾಕ್ಡ್ ಬೈ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ.’ ಅವಸರದಲ್ಲಿ ಓದಿದವರಿಗೆ ನೋಇಂಡೆಕ್ಸ್, ಬ್ಲಾಕ್ಡ್, ರೋಬೋಟ್ಸ್ ಎಂಬ ಮೂರು ದೊಡ್ಡ ಪದಗಳಷ್ಟೇ ಕಂಡು, ಎರಡು ತಡೆಯನ್ನೂ ಒಟ್ಟಿಗೆ ಹಾಕಿದರೆ ಪುಟ ಇನ್ನಷ್ಟು ಭದ್ರವೆಂದು ತೋರುತ್ತದೆ. ವಾಕ್ಯ ಹೇಳುವುದು ಅದಕ್ಕೆ ತೀರಾ ವಿರುದ್ಧ. ‘ಫಾರ್’ ಮತ್ತು ‘ಟು ವರ್ಕ್’ ಸೇರಿ ‘ಸೂಚನೆ ಕೆಲಸ ಮಾಡಬೇಕಾದರೆ’ ಎಂಬ ಷರತ್ತಾಗಿದೆ, ‘ಮಸ್ಟ್ ನಾಟ್ ಬಿ ಬ್ಲಾಕ್ಡ್’ ಎಂದರೆ ಪುಟವನ್ನು ತಡೆದಿರಕೂಡದು. ತಡೆದರೆ ಯಂತ್ರ ಒಳಗೆ ಬಂದು ಆ ಸೂಚನೆಯನ್ನು ಓದುವುದೇ ಇಲ್ಲ. ಕುಂಬಳೆಯ ಓದುಗರಿಗೆ ಬಂದಿರುವ ಮೂರನೆಯ ಸಂದೇಶಕ್ಕೂ ಇದಕ್ಕೂ ಸಂಬಂಧವಿರುವುದು ನಿಮಗೆ ಈಗ ತಿಳಿದಿರಬೇಕು.

‘ಕ್ಯಾನ್’ ಸಾಮರ್ಥ್ಯ ಅಥವಾ ಸಾಧ್ಯತೆಯನ್ನು, ‘ಮೇ’ ಮತ್ತು ‘ಮೈಟ್’ ಆಗಲೂಬಹುದು ಆಗದಿರಲೂಬಹುದು ಎಂಬುದನ್ನು ಹೇಳುತ್ತವೆ. ಸರ್ಚ್ ರ‍್ಯಾಂಕಿಂಗ್ ಕುರಿತು ಹೊಣೆಯರಿತು ಬರೆಯುವವರು ‘ವಿಲ್’ ಎಂಬುದನ್ನು ಬಹಳ ಕಡಿಮೆ ಬಳಸುತ್ತಾರೆ. ಎಲ್ಲ ನಿಯಮಗಳನ್ನು ಪಾಲಿಸಿದರೂ ಪುಟವನ್ನು ಓದಿ, ಸೂಚಿಗೆ ಸೇರಿಸಿ, ತೋರಿಸಿಯೇ ತೋರಿಸುತ್ತೇವೆಂಬ ಖಾತರಿ ಇಲ್ಲವೆಂದು ಗೂಗಲ್ ತಾನೇ ಬರೆದುಕೊಂಡಿದೆ. ‘ಯುವರ್ ಸೈಟ್ ವಿಲ್ ರ‍್ಯಾಂಕ್ ಫಸ್ಟ್’ ಎಂದು ಬರೆದ ಜಾಹೀರಾತು ಕಂಡರೆ ಅದರ ಕ್ರಿಯಾಪದವನ್ನೇ ಮೊದಲು ಸಂಶಯಿಸಿ.

ಪ್ರಶ್ನೆ: ಅನುವಾದದ ಆ್ಯಪ್ ಬಳಸಿ ಓದಿದರೆ ತಪ್ಪೇ?
– ಓದುಗ, ತಾಳವಾಡಿ

ಉತ್ತರ: ವಿಷಯ ತಿಳಿಯುವುದಷ್ಟೇ ಗುರಿಯಾದರೆ ತಪ್ಪಿಲ್ಲ. ವ್ಯಾಕರಣ ಕಲಿಯುವುದು ಗುರಿಯಾದರೆ ನಿಮ್ಮ ಅನುವಾದವನ್ನು ಮೊದಲು ಬರೆದಿಟ್ಟು, ಆಮೇಲೆ ಆ್ಯಪ್‌ನದನ್ನು ತೆರೆದು ಎರಡನ್ನೂ ಮೂಲದೊಡನೆ ಹೋಲಿಸಿ. ಸಂಖ್ಯೆಗಳ ಪಕ್ಕದ ಪ್ರಿಪೊಸಿಷನ್‌ಗಳನ್ನು ಮಾತ್ರ ನೀವೇ ಖುದ್ದಾಗಿ ನೋಡಿ. ‘ರೆಡ್ಯೂಸ್ಡ್ ಬೈ 200 ಮಿಲಿಸೆಕೆಂಡ್ಸ್’ ಎಂದರೆ 200ರಷ್ಟು ಕಡಿಮೆಯಾಗಿದೆ, ‘ರೆಡ್ಯೂಸ್ಡ್ ಟು 200’ ಎಂದರೆ 200ಕ್ಕೆ ಇಳಿದಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬ ಗೂಗಲ್‌ನ ಮಾನದಂಡದಲ್ಲಿ ಬರುವ ‘ವಿದಿನ್’ ಕೂಡ ಇಂಥದೇ. ‘ಇನ್’, ‘ಆಫ್ಟರ್’, ‘ವಿದಿನ್’ ಮೂರೂ ಬೇರೆ ಬೇರೆ.

ಪ್ರಶ್ನೆ: ನಾನು ಎಂಸಿಎ ಓದುತ್ತಿದ್ದೇನೆ. ರ‍್ಯಾಂಕಿಂಗ್ ಕುರಿತಾದ ಮೂಲ ಪ್ರಬಂಧಗಳನ್ನು ಓದುವಾಗ ‘ದಟ್’, ‘ವಿಚ್’ ಎಂದು ಬೆಳೆಯುತ್ತ ಹೋಗುವ ವಾಕ್ಯಗಳಲ್ಲಿ ದಾರಿ ತಪ್ಪುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಪೆರ್ಲ

ಉತ್ತರ: ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಾಗಿದ್ದರೂ ನಾಮಪದಕ್ಕಿಂತ ಮೊದಲು ಬರುತ್ತದೆ: ‘ಹಲವು ಪುಟಗಳು ಕೊಂಡಿ ಕೊಟ್ಟಿರುವ ಪುಟ’. ಇಂಗ್ಲಿಷಿನಲ್ಲಿ ನಾಮಪದ ಮೊದಲು, ಅದರ ವಿವರಣೆ ‘ದಟ್’ ಹಿಡಿದು ಆಮೇಲೆ. ಆದ್ದರಿಂದ ಉದ್ದನೆಯ ವಾಕ್ಯವನ್ನು ಕನ್ನಡಕ್ಕೆ ತರುವಾಗ ಬಾಲದಿಂದ ತಲೆಯ ಕಡೆಗೆ ಬನ್ನಿ.

ಇದಕ್ಕೆ ಉತ್ತಮ ಪಠ್ಯವೆಂದರೆ ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಲೈನ್‌ಬರ್ಗ್ ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧದ ವಿಚಾರ. ಅವರು ಪುಟಗಳಲ್ಲಿ ಎರಡು ಗುಣಗಳನ್ನು ಗುರುತಿಸುತ್ತಾರೆ. ಒಂದು ವಿಷಯದಲ್ಲಿ ಅಧಿಕೃತವೆನಿಸುವ ಪುಟ ‘ಅಥಾರಿಟಿ’, ಅಂಥ ಪುಟಗಳ ಕಡೆಗೆ ದಾರಿ ತೋರಿಸುವ ಪುಟ ‘ಹಬ್’. ವಿಚಾರದ ತಿರುಳನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು: ‘ಎ ಗುಡ್ ಹಬ್ ಈಸ್ ಎ ಪೇಜ್ ದಟ್ ಪಾಯಿಂಟ್ಸ್ ಟು ಮೆನಿ ಗುಡ್ ಅಥಾರಿಟೀಸ್. ಎ ಗುಡ್ ಅಥಾರಿಟಿ ಈಸ್ ಎ ಪೇಜ್ ದಟ್ ಈಸ್ ಪಾಯಿಂಟೆಡ್ ಟು ಬೈ ಮೆನಿ ಗುಡ್ ಹಬ್ಸ್.’ ಮೊದಲನೆಯದು ಕರ್ತರಿ, ಎರಡನೆಯದು ಕರ್ಮಣಿ. ‘ಪಾಯಿಂಟೆಡ್ ಟು ಬೈ’ ಎಂಬಲ್ಲಿ ಎರಡು ಪ್ರಿಪೊಸಿಷನ್‌ಗಳು ಒತ್ತಿಕೊಂಡು ನಿಂತದ್ದನ್ನು ಕಂಡು ಅಚ್ಚಿನ ದೋಷವೆಂದು ತಿಳಿಯುವವರಿದ್ದಾರೆ. ‘ಟು’ ಕ್ರಿಯಾಪದಕ್ಕೆ ಸೇರಿದ್ದು, ‘ಬೈ’ ಮಾಡುವವರನ್ನು ಹೇಳುವುದು. ಎರಡರಲ್ಲಿ ಒಂದನ್ನು ಬಿಟ್ಟರೂ ವಾಕ್ಯ ನಿಲ್ಲುವುದಿಲ್ಲ. ಒಂದರ ಒಳ್ಳೆಯತನವನ್ನು ಇನ್ನೊಂದು ನಿರ್ಧರಿಸುತ್ತದೆ ಎಂಬ ಸುತ್ತುಬಳಸಿನ ವಿಚಾರ ಈ ಎರಡು ಪ್ರಯೋಗಗಳ ಜೋಡಣೆಯಿಂದಲೇ ಇಷ್ಟು ತಿಳಿಯಾಗಿ ಹೊರಬಂದಿದೆ.

ಮುಂದೆ ಗೂಗಲ್ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ 1998ರಲ್ಲಿ ಬರೆದ ಪ್ರಬಂಧದಲ್ಲಿ, ಕೊಂಡಿಗಳ ಆಧಾರದಿಂದ ಪುಟಗಳ ಮಹತ್ವವನ್ನು ಅಳೆಯುವ ಪೇಜ್‌ರ‍್ಯಾಂಕ್ ಭಾಗವನ್ನೂ ಹೀಗೆಯೇ ಓದಿ. ಕೊಂಡಿಗಳನ್ನು ಮನಬಂದಂತೆ ಒತ್ತುತ್ತ ಹೋಗುವ, ಬೇಸರವಾದಾಗ ಯಾವುದೋ ಒಂದು ಪುಟದಿಂದ ಹೊಸದಾಗಿ ಆರಂಭಿಸುವ ಒಬ್ಬ ಓದುಗನನ್ನು ಅಲ್ಲಿ ಕಲ್ಪಿಸಿಕೊಂಡಿದ್ದಾರೆ. ಆ ಓದುಗ ಕೊಂಡಿ ಒತ್ತುತ್ತ ಮುಂದುವರಿಯುವ ಸಂಭವವನ್ನು ಸೂಚಿಸುವ ‘ಡ್ಯಾಂಪಿಂಗ್ ಫ್ಯಾಕ್ಟರ್’ ಎಂಬ ಸಂಖ್ಯೆಯನ್ನು 0 ಮತ್ತು 1ರ ನಡುವೆ ಇಡಬಹುದು, ತಾವು ಸಾಮಾನ್ಯವಾಗಿ 0.85 ಇಡುತ್ತೇವೆ ಎಂದು ಬರೆದಿದ್ದಾರೆ. ‘ಬಹುದು’ ಮತ್ತು ‘ಸಾಮಾನ್ಯವಾಗಿ’ ಎಂಬ ಎರಡನ್ನೂ ಬಿಡದೆ ಟಿಪ್ಪಣಿ ಮಾಡಿಕೊಳ್ಳಿ. ಅವುಗಳನ್ನು ಬಿಟ್ಟು ‘0.85 ಆಗಿರುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆದರೆ ಆಯ್ಕೆಯೊಂದನ್ನು ನಿಯಮವಾಗಿಸಿದಂತಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ವಿಷಯ ಹೊಂದೀತೇ? ಎಲ್ಲರ ಕೈಗೂ ಕಂಪ್ಯೂಟರ್ ಸಿಗುವುದಿಲ್ಲ.
– ಅಧ್ಯಾಪಕಿ, ಮಂಜೇಶ್ವರ

ಉತ್ತರ: ಹೊಂದುತ್ತದೆ, ಕಂಪ್ಯೂಟರ್ ಇಲ್ಲದೆಯೂ ನಡೆಯುತ್ತದೆ. ಪ್ರಬಂಧಗಳನ್ನು ಅವರ ಮುಂದೆ ಇಡಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡಿ, ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಒಂದೇ ಮಾತನ್ನು ನಾಲ್ಕು ಬಗೆಯಲ್ಲಿ ಹೇಳುವುದು ಹುಟ್ಟಿನಿಂದ ಬಂದ ಅಭ್ಯಾಸ, ಅಲ್ಲಿಂದಲೇ ಆರಂಭಿಸಿ. ಒಬ್ಬ ಪ್ರವಾಸಿ ನಮ್ಮ ಕಡೆಯ ಸ್ಥಳವೊಂದನ್ನು ಹುಡುಕಲು ಏನೆಂದು ಬರೆದಾನು ಎಂದು ಕೇಳಿ. ‘ಮಂಜೇಶ್ವರ’ ಮತ್ತು ‘ಮಂಜೇಶ್ವರಂ’, ‘ಕುಂಬಳೆ’ ಮತ್ತು ‘ಕುಂಬಳ’, ಕಾಸರಗೋಡಿಗಂತೂ ಇಂಗ್ಲಿಷಿನಲ್ಲಿ ನಡುವೆ ‘ಎ’ ಅಕ್ಷರವಿರುವ ಮತ್ತು ಇಲ್ಲದಿರುವ ಎರಡು ಕಾಗುಣಿತಗಳು. ಎರಡನ್ನೂ ಒಂದೇ ಊರೆಂದು ಗುರುತಿಸುವುದು ಸರ್ಚ್ ಎಂಜಿನ್ನಿನ ಕೆಲಸವೆಂದು ತಿಳಿಸಿದರೆ ವಿಷಯದ ಬಾಗಿಲು ತೆರೆದಂತೆಯೇ.

ಆಮೇಲೆ ಅನಂತಪುರದ ಸರೋವರ ದೇವಸ್ಥಾನದ ಕುರಿತು ಒಂದು ಪುಟ ಬರೆಯಲಿ. ಶೀರ್ಷಿಕೆಯಲ್ಲಿ ಕ್ರಿಯಾಪದವಿರದ ನಾಮಪದ ಗುಚ್ಛ ಸಾಕು, ‘ಅನಂತಪುರ ಲೇಕ್ ಟೆಂಪಲ್ ನಿಯರ್ ಕುಂಬಳ’ ಎಂಬಷ್ಟು. ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣುವಂಥ ಕಿರು ವಿವರಣೆಯನ್ನು ಎರಡು ಪೂರ್ಣ ವಾಕ್ಯಗಳಲ್ಲಿ ಬರೆಯಿಸಿ. ‘ದಿ ಟೆಂಪಲ್ ಸ್ಟ್ಯಾಂಡ್ಸ್ ಇನ್ ದಿ ಮಿಡ್ಲ್ ಆಫ್ ಎ ಲೇಕ್’ ಎಂಬಲ್ಲಿ ಮೊದಲ ಬಾರಿ ಬಂದದ್ದಕ್ಕೆ ‘ಎ ಲೇಕ್’, ಮುಂದಿನ ವಾಕ್ಯದಲ್ಲಿ ‘ದಿ ಲೇಕ್’. ಕಾಲದ ಪಾಠವೂ ಅಲ್ಲಿಯೇ ಇದೆ: ಆ ಸರೋವರದಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು, ಆದ್ದರಿಂದ ಬಬಿಯಾ ಕುರಿತ ವಾಕ್ಯದಲ್ಲಿ ‘ಲಿವ್ಸ್’ ಎಂದು ಬರೆದಿರುವ ಪುಟ ಹಳೆಯದೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಅಂಥ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ‘ಲಿವ್ಡ್’ ಎಂದು ತಿದ್ದಿಸಿ.

ಬರೆದ ಪುಟಗಳನ್ನು ಗೋಡೆಗೆ ಅಂಟಿಸಿ, ‘ಫಾರ್ ಮೋರ್ ಅಬೌಟ್ ದಿ ಟೆಂಪಲ್, ಸೀ ಪೇಜ್ ತ್ರೀ’ ಎಂಬಂತೆ ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಕೊಂಡಿ ವಾಕ್ಯಗಳನ್ನು ಬರೆಯಲು ಹೇಳಿ. ಯಾವ ಪುಟಕ್ಕೆ ಹೆಚ್ಚು ಕೊಂಡಿ ಬಂದಿದೆ, ಹಾಗೆ ಕೊಂಡಿ ಕೊಟ್ಟ ಪುಟಗಳಿಗೆ ತಾವಾಗಿ ಎಷ್ಟು ಕೊಂಡಿಗಳಿವೆ ಎಂದು ಮಕ್ಕಳೇ ಎಣಿಸಲಿ. ಕೊನೆಗೆ ‘ಪೇಜ್ ತ್ರೀ ಈಸ್ ಲಿಂಕ್ಡ್ ಟು ಬೈ ಪೇಜಸ್ ಒನ್ ಆ್ಯಂಡ್ ಫೈವ್’ ಎಂಬ ವಾಕ್ಯವನ್ನು ತಮ್ಮ ತಮ್ಮ ಪುಟಕ್ಕೆ ಹೊಂದಿಸಿ ಬರೆಯಲು ಹೇಳಿ, ಬರೆದದ್ದನ್ನು ‘ಪೇಜಸ್ ಒನ್ ಆ್ಯಂಡ್ ಫೈವ್ ಲಿಂಕ್ ಟು ಪೇಜ್ ತ್ರೀ’ ಎಂದು ಕರ್ತರಿಗೆ ತಿರುಗಿಸಿ. ಹಾಗೆ ತಿರುಗಿಸಿದಾಗ ‘ಲಿಂಕ್’ ಪದಕ್ಕೆ ‘ಎಸ್’ ಸೇರಿಸುವ ಮಕ್ಕಳು ಇದ್ದೇ ಇರುತ್ತಾರೆ. ಎರಡು ಪುಟಗಳಾದ್ದರಿಂದ ಬೇಡ, ಒಂದೇ ಪುಟವಾದರೆ ಬೇಕು ಎಂಬುದನ್ನು ಗೋಡೆಯ ಮೇಲಿನ ಹಾಳೆಗಳನ್ನೇ ತೋರಿಸಿ ಹೇಳಬಹುದು.